ದುಬೈನ ಮುರಾಬಹಾ ಎಲ್‌ಸಿ ಮೇಲೆ ಶಿರಸಿಯ ಕಾಳುಮೆಣಸು ಕಳಿಸುವುದು ಹೇಗೆ

ರಫ್ತಿಗೆ ಬೇಕಾದ ಐಇಸಿ (ಆಮದು-ರಫ್ತು ಕೋಡ್) ನಂಬರ್, ಸ್ಪೈಸಸ್ ಬೋರ್ಡ್ ನೋಂದಣಿ ಎರಡೂ ಆಗಿವೆ ಎಂದಿಟ್ಟುಕೊಳ್ಳೋಣ. ದುಬೈ ಗಿರಾಕಿ ‘ನಮ್ಮದು ಇಸ್ಲಾಮಿಕ್ ಬ್ಯಾಂಕು, ಮುರಾಬಹಾ ಎಲ್‌ಸಿ ತೆರೆಯುತ್ತೇವೆ’ ಅಂದರೆ ಗಾಬರಿ ಬೇಡ. ಎಲ್‌ಸಿ (ಲೆಟರ್ ಆಫ್ ಕ್ರೆಡಿಟ್) ಎಂದರೆ ಹೇಳಿದ ಕಾಗದಪತ್ರ ಸರಿಯಾಗಿ ಒಪ್ಪಿಸಿದರೆ ಹಣ ಕೊಡುತ್ತೇನೆಂಬ ಬ್ಯಾಂಕಿನ ಲಿಖಿತ ಭರವಸೆ. ಮುರಾಬಹಾದಲ್ಲಿ ಬ್ಯಾಂಕು ಗಿರಾಕಿಗೆ ಬಡ್ಡಿಗೆ ಸಾಲ ಕೊಡುವ ಬದಲು ಮಾಲನ್ನು ತಾನೇ ಕೊಂಡು, ಲಾಭ ಸೇರಿಸಿ ಅವರಿಗೆ ಮಾರುತ್ತದೆ. ನಿಮ್ಮ ಕಾಗದಪತ್ರಗಳಿಗೆ ಮಾಮೂಲಿ ಎಲ್‌ಸಿಯಂತೆ ಯುಸಿಪಿ 600 ಎಂಬ ಅಂತರರಾಷ್ಟ್ರೀಯ ಎಲ್‌ಸಿ ನಿಯಮಗಳೇ.

ಎಡವುವುದು ವ್ಯವಹಾರದ ಕ್ರಮದಲ್ಲಿ. ಗಿರಾಕಿ ಆಗಲೇ ಕೊಂಡುಬಿಟ್ಟ ಮಾಲನ್ನು ಬ್ಯಾಂಕು ಮುರಾಬಹಾದಲ್ಲಿ ಅವರಿಗೇ ಮಾರುವಂತಿಲ್ಲ. ಇಸ್ಲಾಮಿಕ್ ಹಣಕಾಸಿಗೆ ಮಾನದಂಡ ರೂಪಿಸುವ ಬಹರೈನ್‌ನ ಅಯೋಫಿ ಸಂಸ್ಥೆಯ ಮಾನದಂಡದಲ್ಲಿ ಇದು ಸ್ಪಷ್ಟವಾಗಿದೆ. ಯುಎಇಯ ಇಸ್ಲಾಮಿಕ್ ಬ್ಯಾಂಕುಗಳಿಗೆ ಆ ಮಾನದಂಡಗಳು 2018ರ ಸೆಪ್ಟೆಂಬರ್‌ನಿಂದ ಕಡ್ಡಾಯ. ಹಾಗಾಗಿ ಮೊದಲು ಕಳಿಸಬೇಕಾದ್ದು ಪ್ರೊಫಾರ್ಮಾ ಇನ್ವಾಯ್ಸ್ (ಮಾರಾಟಕ್ಕೆ ಮುಂಚೆ ಕೊಡುವ ದರದ ಬಿಲ್ಲು) ಮಾತ್ರ. ಗಿರಾಕಿಯೊಡನೆ ಸಹಿಯಾದ ಮಾರಾಟ ಕರಾರು ಬೇಡ, ಮುಂಗಡವಂತೂ ಬೇಡವೇ ಬೇಡ. ಎಲ್‌ಸಿಗೆ ಮೊದಲಿನ ತಾರೀಕಿನ ಬಿಲ್ ಆಫ್ ಲೇಡಿಂಗ್ (ಮಾಲಿಗೆ ಹಡಗು ಕಂಪನಿ ಕೊಡುವ ರಸೀದಿ) ಯುಸಿಪಿ ಪ್ರಕಾರ ತಪ್ಪಲ್ಲ. ಆದರೆ ಮಾಲು ಹಡಗು ಹತ್ತಿದ್ದು ಗೊತ್ತಾದರೆ ಬ್ಯಾಂಕಿನ ಶರಿಯಾ ವಿಭಾಗದಲ್ಲಿ ಫೈಲು ನಿಂತು, ಎಲ್‌ಸಿಯೇ ಹೊರಡದೆ ಹೋಗಬಹುದು. ಎಲ್‌ಸಿ ಕೈಗೆ ಬಂದ ಮೇಲೇ ಲಾರಿ ಘಟ್ಟ ಇಳಿಯಲಿ.

ಎಲ್‌ಸಿಯ ಕರಡನ್ನೇ ತರಿಸಿಕೊಂಡು ಓದಿ. ಇನ್ವಾಯ್ಸ್ ಯಾರ ಹೆಸರಿಗೆ, ಬ್ಯಾಂಕಿಗೋ ಗಿರಾಕಿಗೋ? ಅಲ್ಲಿರುವುದನ್ನು ಅಕ್ಷರ ಬಿಡದೆ ಎತ್ತಿ ಬರೆಯಿರಿ. ಲೋಡಿಂಗ್ ಬಂದರು ‘ಭಾರತದ ಯಾವುದೇ ಬಂದರು’ ಎಂದಿರಲಿ. ಮಂಗಳೂರು ಎಂದು ಬರೆಸಿಕೊಂಡು ಕಂಟೇನರ್ ಮುಂಬಯಿ ಬಳಿಯ ನ್ಹಾವಾ ಶೇವಾದಿಂದ ಹೊರಟರೆ ಅದೇ ದೋಷವಾಗುತ್ತದೆ. ತೂಕವನ್ನು ಕಿಲೋದಲ್ಲಿ ಬರೆಸಿ. 10,000 ಕಿಲೋ ಎಂದಿದ್ದು ಬೇರೆ ಷರತ್ತು ಇಲ್ಲದಿದ್ದರೆ ಶೇ. 5 ಹೆಚ್ಚುಕಡಿಮೆ ನಡೆಯುತ್ತದೆ, ಬಿಲ್ಲಿನ ಒಟ್ಟು ಮೊತ್ತ ಎಲ್‌ಸಿ ಮೊತ್ತ ಮೀರಬಾರದು ಅಷ್ಟೆ. ‘200 ಚೀಲ’ ಎಂದಿದ್ದರೆ ಈ ರಿಯಾಯಿತಿ ಇಲ್ಲ. ಗೋದಾಮಿನಲ್ಲಿ ಒಣಗಿ ತೂಕ ಇಳಿಯುವ ಮೆಣಸಿಗೆ ಇದು ಸಣ್ಣ ಮಾತಲ್ಲ.

ಮಳೆಗಾಲದ ಎಲ್‌ಸಿಯಾದರೆ ಕೊನೆಯ ಶಿಪ್‌ಮೆಂಟ್ ತಾರೀಕಿಗೆ ಎರಡು ವಾರ ಹೆಚ್ಚುವರಿ ಕೇಳಿ. 2024ರ ಜುಲೈನಲ್ಲಿ ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದಾಗಿತ್ತಲ್ಲ, ಅಂಥದ್ದಕ್ಕೆ ತಾರೀಕು ತಾನಾಗಿ ಮುಂದೆ ಹೋಗುವುದಿಲ್ಲ. ಅವಧಿ ಮುಗಿಯುವ ಮೊದಲೇ ತಿದ್ದುಪಡಿ ತರಿಸಿಕೊಳ್ಳಬೇಕು.

ಎಲ್‌ಸಿ ಬೇರೆ ಹೇಳದಿದ್ದರೆ ಶಿಪ್‌ಮೆಂಟ್ ಆದ 21 ದಿನದೊಳಗೆ, ಎಲ್‌ಸಿಯ ಅವಧಿಯೂ ಮುಗಿಯದಂತೆ ಕಾಗದಪತ್ರ ಒಪ್ಪಿಸಬೇಕು. ಅವಧಿ ಮುಗಿಯುವ ಸ್ಥಳ ಭಾರತ ಎಂದು ಬರೆಸಿ. ದುಬೈ ಎಂದಿದ್ದರೆ ಕೊರಿಯರ್ ತಡವಾದದ್ದೂ ನಿಮ್ಮ ತಲೆಗೇ. ಪರಿಶೀಲನೆಗೆ ಬ್ಯಾಂಕಿಗೆ ಇರುವುದು ಗರಿಷ್ಠ ಐದು ಬ್ಯಾಂಕಿಂಗ್ ದಿನ. ಅಷ್ಟರೊಳಗೆ ದೋಷ ತಿಳಿಸದಿದ್ದರೆ ಆಮೇಲೆ ತಕರಾರು ಎತ್ತುವಂತಿಲ್ಲ.

ಪ್ರೊಫಾರ್ಮಾ ಬರೆಯುವಾಗಲೇ ದರದ ಲೆಕ್ಕ ಹಾಕಿಬಿಡಿ. 90 ದಿನದ ಉದ್ದರಿ ಎಲ್‌ಸಿಯಾದರೆ ಆ ಮೂರು ತಿಂಗಳ ಖರ್ಚು ಕಿಲೋ ದರದಲ್ಲೇ ಸೇರಿರಲಿ. ಇಸ್ಲಾಮಿಕ್ ಬ್ಯಾಂಕಿನಿಂದ ತಡಪಾವತಿಗೆ ಬಡ್ಡಿ ನಿರೀಕ್ಷಿಸಬೇಡಿ. ಗಿರಾಕಿ ತಡಮಾಡಿದ್ದಕ್ಕೆ ಬ್ಯಾಂಕು ವಸೂಲಿ ಮಾಡುವ ದಂಡವೂ ದಾನಕ್ಕೆ ಹೋಗುತ್ತದೆ, ನಿಮ್ಮ ಖಾತೆಗಲ್ಲ.