ಬೇಸಿಗೆಯ ಕೂಟಗಳಲ್ಲಿ ನಿಮ್ಮ ಹೆಸರಿಗೆ ಕಿವಿಗೊಡುವುದು ಹೇಗೆ

ಹೆಸರು ನಮ್ಮದೇ ಆಗಿದ್ದರೂ ಅದನ್ನು ಹೆಚ್ಚಾಗಿ ಬಳಸುವವರು ಬೇರೆಯವರು. ಮನೆಯಲ್ಲಿ ನಮ್ಮನ್ನು ಸಂಬಂಧದ ಪದದಿಂದಲೋ ಮೊಟಕುಗೊಳಿಸಿದ ಮುದ್ದಿನ ರೂಪದಿಂದಲೋ ಕರೆಯುತ್ತಾರೆ. ಕೆಲಸದ ಜಾಗದಲ್ಲಿ ಎಷ್ಟೋ ಸಲ ಹುದ್ದೆಯೇ ಸಾಕಾಗುತ್ತದೆ. ಪೂರ್ಣ ಹೆಸರು ಅರ್ಜಿಗಳಲ್ಲಿಯೂ ಗುರುತಿನ ಚೀಟಿಗಳಲ್ಲಿಯೂ ಉಳಿದುಬಿಡುತ್ತದೆ. ಬೇಸಿಗೆ ಬಂದು, ಬಯಲು ಸಂಗೀತ, ಓಟದ ಸ್ಪರ್ಧೆ, ಓದಿನ ಕೂಟ, ಕರಕುಶಲ ಶಿಬಿರ, ಸಂಜೆಯ ನಾಟಕ, ನಕ್ಷತ್ರ ವೀಕ್ಷಣೆ ಮುಂತಾದವು ಆರಂಭವಾದಾಗ ಈ ಸ್ಥಿತಿ ಬದಲಾಗುತ್ತದೆ. ಅಪರಿಚಿತರು ನಮ್ಮ ಹೆಸರನ್ನು ಕೇಳುತ್ತಾರೆ, ಎದೆಗೆ ಸಿಕ್ಕಿಸುವ ಚೀಟಿಯಲ್ಲಿ ಬರೆಯುತ್ತಾರೆ, ಧ್ವನಿವರ್ಧಕದಲ್ಲಿ ಕೂಗುತ್ತಾರೆ, ತಪ್ಪಾಗಿ ಉಚ್ಚರಿಸಿ ತಿದ್ದಿಕೊಳ್ಳುತ್ತಾರೆ. ತನ್ನ ಹೆಸರಿನ ಬಗ್ಗೆ ಯೋಚಿಸಬೇಕೆನ್ನುವವರು ಕೋಣೆಯಲ್ಲಿ ಒಬ್ಬರೇ ಕುಳಿತು ಚಿಂತಿಸುವುದಕ್ಕಿಂತ ಇಂಥ ಕೂಟಗಳಿಗೆ ಹೋಗುವುದೇ ಒಳ್ಳೆಯ ದಾರಿ ಎಂಬುದು ನನ್ನ ಅನುಭವ. ಆ ದಾರಿಯಲ್ಲಿ ನಡೆಯುವ ಬಗೆಯನ್ನು ಇಲ್ಲಿ ವಿವರಿಸಿದ್ದೇನೆ.

ಕೂಟವನ್ನು ಆರಿಸಿಕೊಳ್ಳುವುದು

ಎಲ್ಲ ಕಾರ್ಯಕ್ರಮಗಳೂ ಈ ಉದ್ದೇಶಕ್ಕೆ ಒದಗುವುದಿಲ್ಲ. ಸಾವಿರಾರು ಜನ ಸೇರುವ ಸಂಗೀತ ಸಂಜೆಯಲ್ಲಿ ಸಂತೋಷ ಬೇಕಾದಷ್ಟು ಸಿಗಬಹುದು, ಆದರೆ ಅಲ್ಲಿ ನಿಮ್ಮ ಹೆಸರನ್ನು ಯಾರೂ ಕೇಳುವುದಿಲ್ಲ. ಹತ್ತು ಹದಿನೈದು ಮಂದಿ ಸುತ್ತ ಕುಳಿತು ಏನನ್ನಾದರೂ ಮಾಡುವ ಕೂಟಗಳನ್ನು ಮೊದಲು ಆರಿಸಿಕೊಳ್ಳಿ. ಮಣ್ಣಿನ ಕೆಲಸವಾಗಲಿ, ಹಕ್ಕಿ ನೋಡುವ ನಡಿಗೆಯಾಗಲಿ, ಗಟ್ಟಿಯಾಗಿ ಓದುವ ಕೂಟವಾಗಲಿ, ಕೈಗೆ ಅಥವಾ ಕಣ್ಣಿಗೆ ಕೆಲಸವಿರುವ ಜಾಗದಲ್ಲಿ ಮಾತು ತಾನಾಗಿ ಹುಟ್ಟುತ್ತದೆ ಮತ್ತು ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುವ ಅಗತ್ಯ ಮೇಲಿಂದ ಮೇಲೆ ಬರುತ್ತದೆ. ವಾರಕ್ಕೆ ಒಂದು ಕಾರ್ಯಕ್ರಮ ಸಾಕು. ಒಂದೇ ದಿನ ಮೂರು ಕಡೆ ಓಡಾಡಿದವರಿಗೆ ರಾತ್ರಿ ದಣಿವಲ್ಲದೆ ಬೇರೇನೂ ನೆನಪಿರುವುದಿಲ್ಲ.

ಒಂದು ದಿನವಾದರೂ ಸ್ವಯಂಸೇವಕರಾಗಿ ನೋಂದಣಿ ಮೇಜಿನ ಹಿಂದೆ ಕುಳಿತುಕೊಳ್ಳಿ ಎಂದು ನಾನು ಒತ್ತಾಯಿಸಿ ಹೇಳುತ್ತೇನೆ. ಬಂದವರೆಲ್ಲರ ಹೆಸರನ್ನು ಕೇಳಿ ಬರೆದುಕೊಳ್ಳುವ ಆ ಕೆಲಸದಲ್ಲಿ, ಕೆಲವರು ತಮ್ಮ ಹೆಸರನ್ನು ಹೆಮ್ಮೆಯಿಂದ ಹೇಳುವುದನ್ನೂ, ಕೆಲವರು ಅದನ್ನು ನುಂಗಿಕೊಂಡು ಹೇಳುವುದನ್ನೂ, ಇನ್ನು ಕೆಲವರು ಕೇಳುವ ಮೊದಲೇ ಅಕ್ಷರ ಬಿಡಿಸಿ ಹೇಳಲು ಆರಂಭಿಸುವುದನ್ನೂ ಕಾಣುತ್ತೀರಿ. ಹೀಗೆ ಬಿಡಿಸಿ ಹೇಳುವವರ ಹೆಸರನ್ನು ಹಿಂದೆ ಎಷ್ಟೋ ಜನ ತಪ್ಪಾಗಿ ಬರೆದಿರಬೇಕು. ಇಂಥ ಐವತ್ತು ಜನರನ್ನು ಕಂಡ ಮೇಲೆ, ನೀವು ನಿಮ್ಮ ಹೆಸರನ್ನು ಹೇಗೆ ಹೇಳುತ್ತಿದ್ದೀರಿ ಎಂಬ ಪ್ರಶ್ನೆ ಯಾರೂ ಕೇಳದೆಯೇ ನಿಮ್ಮೆದುರು ಬಂದು ನಿಲ್ಲುತ್ತದೆ.

ಹೆಸರನ್ನು ಹೇಳುವುದು, ಕೇಳಿಸಿಕೊಳ್ಳುವುದು

ನಮ್ಮ ಬಾಯಿಗೆ ಅತ್ಯಂತ ಅಭ್ಯಾಸವಾದ ಪದ ನಮ್ಮ ಹೆಸರೇ ಆದ್ದರಿಂದ ಅದನ್ನು ನಾವು ಬಹಳ ಬೇಗ ಹೇಳಿ ಮುಗಿಸುತ್ತೇವೆ. ಕೇಳುವವರಿಗೆ ಮಾತ್ರ ಅದು ಹೊಸದು. ಹೆಸರಿನ ಮುಂಚೆ ಒಂದು ಕ್ಷಣ ನಿಲ್ಲಿ, ಹೆಸರನ್ನು ಅಕ್ಷರಗಳು ಬಿಡಿಯಾಗಿ ಕೇಳುವಷ್ಟು ನಿಧಾನವಾಗಿ ಹೇಳಿ, ಆಮೇಲೆ ಮತ್ತೆ ಒಂದು ಕ್ಷಣ ನಿಲ್ಲಿ. ಊರು, ಕೆಲಸ, ಯಾರ ಜೊತೆ ಬಂದಿದ್ದೀರಿ ಎಂಬುದೆಲ್ಲ ಅದರ ನಂತರ ಬರಲಿ.

ಸುತ್ತು ಕುಳಿತು ಒಬ್ಬೊಬ್ಬರಾಗಿ ಪರಿಚಯ ಹೇಳಿಕೊಳ್ಳುವಾಗ ಒಂದು ವಿಚಿತ್ರ ನಡೆಯುತ್ತದೆ. ನಮ್ಮ ಸರದಿಗೆ ತುಸು ಮೊದಲು ಮಾತನಾಡಿದವರ ಮಾತು ನಮಗೆ ನೆನಪಿರುವುದಿಲ್ಲ. ಮಾಲ್ಕಮ್ ಬ್ರೆನರ್ ಎಂಬ ಮನೋವಿಜ್ಞಾನಿ 1973ರಲ್ಲಿ ಇದನ್ನು ಪ್ರಯೋಗದಿಂದ ತೋರಿಸಿದರು. ನಾವೇನು ಹೇಳಬೇಕು ಎಂಬ ಸಿದ್ಧತೆಯಲ್ಲಿ ಮನಸ್ಸು ಮುಳುಗಿರುವಾಗ ಪಕ್ಕದವರ ಹೆಸರು ಕಿವಿಗೆ ಬಿದ್ದರೂ ಒಳಗೆ ಇಳಿಯುವುದಿಲ್ಲ. ಹಾಗಾಗಿ ಸುತ್ತು ಆರಂಭವಾಗುವ ಮೊದಲೇ ನಿಮ್ಮ ಒಂದು ವಾಕ್ಯವನ್ನು ಸಿದ್ಧಮಾಡಿಟ್ಟುಕೊಂಡು, ಉಳಿದ ಹೊತ್ತು ಕೇಳುವುದಕ್ಕೆ ಮೀಸಲಿಡಿ. ಹಾಗಿದ್ದೂ ನಿಮಗಿಂತ ಮುಂಚೆ ಮಾತನಾಡಿದವರ ಹೆಸರು ತಪ್ಪಿಹೋದರೆ, ಸುತ್ತು ಮುಗಿದೊಡನೆ ಅವರ ಬಳಿ ಹೋಗಿ ಮತ್ತೊಮ್ಮೆ ಕೇಳಿ. ಹಾಗೆ ಕೇಳುವುದನ್ನು ಅವಮಾನವೆಂದು ಭಾವಿಸಬೇಕಾಗಿಲ್ಲ.

ಕೇಳಿದ ಹೆಸರು ಉಳಿಯದಿರುವುದಕ್ಕೆ ಇನ್ನೊಂದು ಕಾರಣವಿದೆ. 1987ರಲ್ಲಿ ಬ್ರಿಟನ್ನಿನ ಸಂಶೋಧಕರು ಅಪರಿಚಿತ ಮುಖಗಳನ್ನು ತೋರಿಸಿ, ಕೆಲವರ ಬಗ್ಗೆ ‘ಇವರ ಕುಲನಾಮ ಬೇಕರ್’ ಎಂದೂ, ಕೆಲವರ ಬಗ್ಗೆ ‘ಇವರು ವೃತ್ತಿಯಿಂದ ಬೇಕರ್, ಅಂದರೆ ಬ್ರೆಡ್ ತಯಾರಿಸುವವರು’ ಎಂದೂ ಹೇಳಿದರು. ಪದ ಒಂದೇ ಆದರೂ ವೃತ್ತಿಯಾಗಿ ಹೇಳಿದಾಗ ಅದು ಹೆಚ್ಚು ನೆನಪಿನಲ್ಲಿ ಉಳಿಯಿತು. ಕನ್ನಡ ವ್ಯಾಕರಣ ಓದಿದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ, ಏಕೆಂದರೆ ನಮ್ಮ ವ್ಯಾಕರಣವು ಗುರುತಿಗಾಗಿ ಇಟ್ಟ ಹೆಸರನ್ನು ಅಂಕಿತನಾಮವೆಂದೂ, ರೂಪ, ಗುಣ, ವೃತ್ತಿಗಳಿಗೆ ತಕ್ಕಂತೆ ಬಂದ ಹೆಸರನ್ನು ಅನ್ವರ್ಥನಾಮವೆಂದೂ ಬೇರೆಮಾಡಿ ಇಟ್ಟಿದೆ. ಅನ್ವರ್ಥನಾಮದ ಜೊತೆ ಒಂದು ಚಿತ್ರ ಬರುತ್ತದೆ. ಅಂಕಿತನಾಮ ಬರಿಗೈಯಲ್ಲಿ ಬರುತ್ತದೆ.

ನಿಮ್ಮ ಹೆಸರು ಇತರರ ನೆನಪಿನಲ್ಲಿ ಉಳಿಯಬೇಕಾದರೆ ಅದಕ್ಕೊಂದು ಚಿತ್ರವನ್ನು ನೀವೇ ಜೋಡಿಸಿ ಕೊಡಬೇಕು. ಹೆಸರಿನ ಅರ್ಥವಿರಬಹುದು, ಅದನ್ನು ಯಾರು ಇಟ್ಟರು ಎಂಬ ಒಂದು ಸಾಲು ಇರಬಹುದು, ಅದರಲ್ಲಿನ ಯಾವ ಅಕ್ಷರವನ್ನು ಜನ ಸಾಮಾನ್ಯವಾಗಿ ತಪ್ಪುತ್ತಾರೆ ಎಂಬ ಮಾತಿರಬಹುದು. ಆ ಒಂದು ಸಾಲನ್ನು ಸಿದ್ಧಮಾಡಲು ಕುಳಿತಾಗಲೇ, ನಮ್ಮ ಹೆಸರಿನ ಬಗ್ಗೆ ನಮಗೆ ಎಷ್ಟು ಕಡಿಮೆ ಗೊತ್ತಿದೆ ಎಂಬುದು ಬಹುತೇಕರಿಗೆ ತಿಳಿಯುವುದು. ಇತರರ ಹೆಸರನ್ನು ಉಳಿಸಿಕೊಳ್ಳಲು ಥಾಮಸ್ ಲ್ಯಾಂಡವರ್ ಮತ್ತು ರಾಬರ್ಟ್ ಬ್ಯೋರ್ಕ್ 1978ರಲ್ಲಿ ಪರೀಕ್ಷಿಸಿದ ವಿಧಾನ ಉಪಯುಕ್ತವಾಗಿದೆ: ಕೇಳಿದ ಕೂಡಲೇ ಒಮ್ಮೆ, ಸ್ವಲ್ಪ ಹೊತ್ತಿನ ಬಳಿಕ ಒಮ್ಮೆ, ಇನ್ನೂ ಹೆಚ್ಚು ಹೊತ್ತು ಬಿಟ್ಟು ಮತ್ತೊಮ್ಮೆ, ಹೀಗೆ ಅಂತರವನ್ನು ಹಿಗ್ಗಿಸುತ್ತ ಹೆಸರನ್ನು ನೆನಪಿಸಿಕೊಳ್ಳಬೇಕು.

ಉಚ್ಚಾರದ ವಿಷಯದಲ್ಲಿ ನಾನು ಸಂಕೋಚವನ್ನು ಒಪ್ಪುವುದಿಲ್ಲ. ನಿಮ್ಮ ಹೆಸರನ್ನು ಯಾರಾದರೂ ತಪ್ಪಾಗಿ ಹೇಳಿದರೆ ಮೊದಲ ಸಲವೇ ಸರಿಯಾದ ರೂಪವನ್ನು ಎರಡು ಬಾರಿ ಹೇಳಿ ತಿದ್ದಿ. ಕ್ಷಮೆ ಕೇಳುತ್ತ ತಿದ್ದಬೇಡಿ. ಹತ್ತನೆಯ ಭೇಟಿಯಲ್ಲಿ ತಿದ್ದುವುದು ಇಬ್ಬರಿಗೂ ಮುಜುಗರದ ಸಂಗತಿ. ಇನ್ನೊಬ್ಬರ ಹೆಸರು ನಿಮ್ಮ ನಾಲಿಗೆಗೆ ಒಗ್ಗದಿದ್ದರೆ ‘ನಿಮ್ಮ ಹೆಸರು ಕಷ್ಟ’ ಎಂದು ಮಾತ್ರ ಹೇಳಬೇಡಿ. ಕಷ್ಟವಿರುವುದು ನಮ್ಮ ಅಭ್ಯಾಸದಲ್ಲಿ, ಅವರ ಹೆಸರಿನಲ್ಲಲ್ಲ. ‘ಇನ್ನೊಮ್ಮೆ ಹೇಳುತ್ತೀರಾ?’ ಎಂದು ಕೇಳಿ, ಅವರೆದುರಿಗೇ ಹೇಳಿ ನೋಡಿ, ಸರಿಯಾಯಿತೇ ಎಂದು ಖಚಿತಪಡಿಸಿಕೊಳ್ಳಿ.

ಗದ್ದಲ, ಬಿಸಿಲು, ಮಕ್ಕಳು

ನೂರು ಮಾತುಗಳ ನಡುವೆ ಒಂದೇ ಮಾತನ್ನು ಹಿಂಬಾಲಿಸುವ ಕಿವಿಯ ಶಕ್ತಿಯನ್ನು ಕಾಲಿನ್ ಚೆರ್ರಿ 1953ರಲ್ಲಿ ಅಧ್ಯಯನ ಮಾಡಿದರು. 1959ರಲ್ಲಿ ನೆವಿಲ್ ಮೋರೆ, ಎರಡು ಕಿವಿಗಳಿಗೆ ಬೇರೆ ಬೇರೆ ಮಾತು ಕೇಳಿಸಿ ಒಂದಕ್ಕೆ ಮಾತ್ರ ಗಮನ ಕೊಡಲು ಹೇಳಿದಾಗ, ಗಮನ ಕೊಡದ ಕಿವಿಯಲ್ಲಿ ಏನು ಹೇಳಿದರೂ ಗುರುತಿಸದ ಜನರಲ್ಲಿ ಸುಮಾರು ಮೂರನೆಯ ಒಂದು ಭಾಗದಷ್ಟು ಮಂದಿ, ಅದೇ ಕಿವಿಯಲ್ಲಿ ತಮ್ಮ ಹೆಸರು ಬಂದಾಗ ಮಾತ್ರ ಗುರುತಿಸಿದರು ಎಂಬುದನ್ನು ಕಂಡರು. ಉಳಿದ ಮೂರನೆಯ ಎರಡು ಭಾಗದ ಜನರಿಗೆ ತಮ್ಮ ಹೆಸರೂ ಕೇಳಿಸಲಿಲ್ಲ ಎಂಬುದನ್ನು ಮರೆಯಬಾರದು. ಜಾತ್ರೆಯಂಥ ಗದ್ದಲದಲ್ಲಿ ನೀವು ಕೂಗಿದಾಗ ಸ್ನೇಹಿತರು ತಿರುಗಿ ನೋಡದಿದ್ದರೆ ಅದನ್ನು ಅಲಕ್ಷ್ಯವೆಂದು ತಿಳಿಯಬೇಡಿ. ಅವರು ಎದುರಿಗಿರುವ ಇನ್ನೇನನ್ನೋ ಪೂರ್ತಿ ಮನಸ್ಸಿಟ್ಟು ಕೇಳುತ್ತಿರಬಹುದು.

ಕಿವಿಯನ್ನು ಉಳಿಸಿಕೊಳ್ಳುವುದೂ ಈ ಅಭ್ಯಾಸದ ಭಾಗವೇ. 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ಗಂಟೆ ತಡೆದುಕೊಳ್ಳಬಹುದೆಂದು ಲೆಕ್ಕ ಹಿಡಿದರೆ, ಪ್ರತಿ 3 ಡೆಸಿಬಲ್ ಏರಿಕೆಗೆ ಆ ಅವಧಿ ಅರ್ಧವಾಗುತ್ತ ಹೋಗಿ, 100 ಡೆಸಿಬಲ್ ತಲುಪುವಾಗ 15 ನಿಮಿಷಕ್ಕೆ ಇಳಿದಿರುತ್ತದೆ. ಧ್ವನಿಪೆಟ್ಟಿಗೆಗಳ ಎದುರಿನಿಂದ ದೂರ ಕುಳಿತುಕೊಳ್ಳಿ, ಕಿವಿಗೆ ಹಾಕುವ ಮೃದು ಬೆಣೆಗಳನ್ನು ಜೊತೆಗಿಟ್ಟುಕೊಳ್ಳಿ, ನಡುನಡುವೆ ಎದ್ದು ಹೊರಗೆ ಹೋಗಿ ಬನ್ನಿ.

ಬಿಸಿಲಿನ ವಿಷಯದಲ್ಲಿ ನೆರಳೇ ಒಳ್ಳೆಯ ಅಳತೆಗೋಲು. ನಿಮ್ಮ ನೆರಳು ನಿಮ್ಮ ಎತ್ತರಕ್ಕಿಂತ ಗಿಡ್ಡವಾಗಿದ್ದರೆ ಅತಿನೇರಳೆ ಕಿರಣಗಳು ತೀವ್ರವಾಗಿವೆ ಎಂದರ್ಥ. ಆ ಹೊತ್ತಿನಲ್ಲಿ ಮರದಡಿಯ ಅಥವಾ ಚಪ್ಪರದ ಕೆಳಗಿನ ಕಾರ್ಯಕ್ರಮಗಳನ್ನೇ ಆರಿಸಿಕೊಳ್ಳಿ ಮತ್ತು ಬಾಯಾರುವ ಮೊದಲೇ ನೀರು ಕುಡಿಯುತ್ತಿರಿ. ಜೊತೆಯವರು ಬಿಸಿಲಿನಲ್ಲಿ ಮಂಕಾದಂತೆ ಕಂಡರೆ ಅವರ ಹೆಸರು, ಈಗಿರುವ ಜಾಗ, ಇಂದಿನ ದಿನ ಯಾವುದೆಂದು ಕೇಳಿ. ಮನಸ್ಸು ಕದಡಿದಾಗ ಸಾಮಾನ್ಯವಾಗಿ ದಿನ ಮತ್ತು ಜಾಗಗಳ ಅರಿವು ಮೊದಲು ಮಸುಕಾಗುತ್ತದೆ, ಸ್ವಂತ ಹೆಸರು ಕೊನೆಯವರೆಗೂ ಉಳಿದಿರುತ್ತದೆ. ಈ ಪ್ರಶ್ನೆಗಳಿಗೆ ತಡವರಿಸಿದರೆ ಅದು ಶಾಖಾಘಾತವಾಗಿರಬಹುದು. ಕೂಡಲೇ ತುರ್ತು ವೈದ್ಯಕೀಯ ನೆರವಿಗೆ ಕರೆಮಾಡಿ, ಅವರನ್ನು ನೆರಳಿಗೆ ಸಾಗಿಸಿ, ಮೈಗೆ ತಣ್ಣೀರು ಹಾಕಿ ಗಾಳಿ ಬೀಸುತ್ತಿರಿ. ಪ್ರಜ್ಞೆ ಸ್ಪಷ್ಟವಿಲ್ಲದವರ ಬಾಯಿಗೆ ನೀರು ಹಾಕಬೇಡಿ.

ಮಕ್ಕಳನ್ನು ಕರೆದೊಯ್ಯುವವರು ಹೆಸರಿನ ಇನ್ನೊಂದು ಮುಖವನ್ನು ನೆನಪಿಡಬೇಕು. ಗುಂಪಿನಲ್ಲಿ ತಪ್ಪಿಸಿಕೊಂಡ ಚಿಕ್ಕ ಮಗುವನ್ನು ‘ನಿನ್ನ ತಾಯಿಯ ಹೆಸರೇನು?’ ಎಂದು ಕೇಳಿದರೆ ಅದು ‘ಅಮ್ಮ’ ಎಂದೇ ಉತ್ತರಿಸುತ್ತದೆ. ‘ಅಮ್ಮಾ’ ಎಂದು ಕೂಗಿದರೆ ಮೈದಾನದ ಅರ್ಧ ಜನ ತಿರುಗುತ್ತಾರೆ. ಹೊರಡುವ ಮೊದಲು ತಂದೆತಾಯಿಯರ ಪೂರ್ಣ ಹೆಸರನ್ನು ಮಗುವಿಗೆ ಬಾಯಿಪಾಠ ಮಾಡಿಸಿ, ಕಳೆದುಹೋದರೆ ಆ ಹೆಸರನ್ನೇ ಕೂಗಬೇಕೆಂದು ಆಟದಂತೆ ಕಲಿಸಿ. ಮಗುವಿನ ಹೆಸರನ್ನು ಅಂಗಿಯ ಅಥವಾ ಚೀಲದ ಹೊರಮೈಮೇಲೆ ದೊಡ್ಡದಾಗಿ ಬರೆಯಬೇಡಿ, ಏಕೆಂದರೆ ಹೆಸರು ಹಿಡಿದು ಕರೆದವರನ್ನು ಮಕ್ಕಳು ಪರಿಚಿತರೆಂದೇ ನಂಬುತ್ತಾರೆ. ನಿಮ್ಮ ಫೋನ್ ಸಂಖ್ಯೆಯನ್ನು ಬಟ್ಟೆಯ ಒಳಭಾಗದಲ್ಲಿ ಬರೆದಿಟ್ಟರೆ ಸಾಕು.

ರಾತ್ರಿಯ ಹತ್ತು ನಿಮಿಷ

ಮನೆಗೆ ಬಂದು ಕೈಕಾಲು ತೊಳೆದ ಮೇಲೆ, ಮಲಗುವ ಮುಂಚೆ, ಒಂದು ಪುಸ್ತಕದಲ್ಲಿ ಆ ದಿನ ನಿಮ್ಮನ್ನು ಯಾರು ಯಾವ ರೂಪದಲ್ಲಿ ಕರೆದರು ಎಂಬುದನ್ನು ಬರೆಯಿರಿ. ಪೂರ್ಣ ಹೆಸರೋ, ಅರ್ಧ ಹೆಸರೋ, ಕುಲನಾಮವೋ, ತಪ್ಪು ಉಚ್ಚಾರವೋ, ಅದನ್ನು ಕೇಳಿದಂತೆಯೇ ದಾಖಲಿಸಿ, ಆಗ ನಿಮಗೆ ಏನನಿಸಿತು ಎಂಬುದನ್ನು ಒಂದೇ ಸಾಲಿನಲ್ಲಿ ಸೇರಿಸಿ. ಎದೆಯ ಮೇಲಿದ್ದ ಹೆಸರಿನ ಚೀಟಿಯನ್ನು ಬಿಸಾಡದೆ, ಹಿಂದೆ ದಿನಾಂಕ ಬರೆದು ಅದೇ ಪುಟಕ್ಕೆ ಅಂಟಿಸಿ. ನಾಲ್ಕೈದು ಕೂಟಗಳ ನಂತರ ಪುಟಗಳನ್ನು ಒಟ್ಟಿಗೆ ಓದಿದರೆ, ಯಾವ ರೂಪವನ್ನು ನೀವೇ ಮುಂದೆಮಾಡುತ್ತಿದ್ದೀರಿ, ಯಾವುದನ್ನು ಮರೆಮಾಡುತ್ತಿದ್ದೀರಿ ಎಂಬುದು ಗೋಚರಿಸುತ್ತದೆ.

ಹೆಸರಿಟ್ಟವರು ಇನ್ನೂ ಇದ್ದರೆ ಅವರನ್ನು ಕೇಳಬೇಕಾದ ಪ್ರಶ್ನೆಗಳಲ್ಲಿ ಅರ್ಥದ ಪ್ರಶ್ನೆ ಅಷ್ಟು ಮುಖ್ಯವಲ್ಲ. ಅರ್ಥ ನಿಘಂಟಿನಲ್ಲಿಯೂ ಸಿಗುತ್ತದೆ. ಬೇರೆ ಯಾವ ಹೆಸರುಗಳನ್ನು ಯೋಚಿಸಿದ್ದರು, ಯಾರು ಒಪ್ಪಲಿಲ್ಲ, ಆ ದಿನಗಳಲ್ಲಿ ಮನೆಯ ಪರಿಸ್ಥಿತಿ ಹೇಗಿತ್ತು ಎಂದು ಕೇಳಿ. ನಿಮಗೆ ಇಡದೆ ಬಿಟ್ಟ ಹೆಸರನ್ನು ಒಂದು ಸಂಜೆ ಮನಸ್ಸಿನಲ್ಲಿ ಧರಿಸಿ ನೋಡಿದರೆ, ಈಗಿರುವ ಹೆಸರಿನ ತೂಕ ತಿಳಿಯುತ್ತದೆ. ಕನ್ನಡದಲ್ಲಿ ‘ಹೆಸರು’ ಎಂದರೆ ಕರೆಯುವ ಪದವೂ ಹೌದು, ಗಳಿಸಿದ ಕೀರ್ತಿಯೂ ಹೌದು. ಹೆಸರು ಮಾಡುವುದು, ಹೆಸರು ಕೆಡಿಸಿಕೊಳ್ಳುವುದು, ಹೆಸರು ಉಳಿಸುವುದು ಎಲ್ಲ ಒಂದೇ ಪದದಲ್ಲಿ ಅಡಗಿವೆ. ಬರೆಯುವಾಗ ಇವೆರಡನ್ನೂ ಬೇರೆ ಬೇರೆ ಪುಟಗಳಲ್ಲಿ ಇಡುವುದು ಒಳ್ಳೆಯದು. ಕೊಟ್ಟ ಹೆಸರಿಗೂ ಗಳಿಸಿದ ಹೆಸರಿಗೂ ಒಂದೇ ಲೆಕ್ಕ ಹಾಕಿದವರು ಕೊಟ್ಟ ಹೆಸರನ್ನು ವಿನಾಕಾರಣ ದ್ವೇಷಿಸುವುದನ್ನು ನಾನು ಕಂಡಿದ್ದೇನೆ.

ಹೆಸರಿನ ಮೇಲಿನ ಮಮತೆ ಎಷ್ಟು ಆಳದ್ದೆಂದರೆ, ನಾಲ್ಕೂವರೆ ತಿಂಗಳ ಶಿಶುಗಳು ಬೇರೆ ಹೆಸರುಗಳಿಗಿಂತ ತಮ್ಮ ಹೆಸರಿನ ಸದ್ದಿಗೆ ಹೆಚ್ಚು ಹೊತ್ತು ಕಿವಿಗೊಡುತ್ತವೆ ಎಂದು 1995ರ ಪ್ರಯೋಗವೊಂದು ತೋರಿಸಿತು. ಬೆಲ್ಜಿಯಂನ ಯೋಸೆಫ್ ನುಟಿನ್ 1985ರಲ್ಲಿ, ಜನರಿಗೆ ತಮ್ಮ ಹೆಸರಿನಲ್ಲಿರುವ ಅಕ್ಷರಗಳು ಉಳಿದ ಅಕ್ಷರಗಳಿಗಿಂತ ಹೆಚ್ಚು ಇಷ್ಟವಾಗುತ್ತವೆ ಎಂಬುದನ್ನು ಪ್ರಕಟಿಸಿದರು. ಇದನ್ನು ಕೂಟದಲ್ಲಿಯೇ ಆಡಿ ನೋಡಬಹುದು: ಕಾರಣ ಹೇಳದೆ ವರ್ಣಮಾಲೆಯನ್ನು ಎಲ್ಲರಿಗೂ ಹಂಚಿ, ಯೋಚಿಸದೆ ಇಷ್ಟವಾದ ಆರು ಅಕ್ಷರಗಳಿಗೆ ಗುರುತು ಹಾಕಲು ಹೇಳಿ, ಆಮೇಲೆ ಹೆಸರುಗಳೊಡನೆ ಹೋಲಿಸಿ. ಹೆಸರು ಇಷ್ಟವಿಲ್ಲ ಎನ್ನುವವರ ಹಾಳೆಯನ್ನು ವಿಶೇಷ ಗಮನದಿಂದ ನೋಡಿ, ಆದರೆ ಅವರನ್ನು ವಾದದಲ್ಲಿ ಗೆಲ್ಲಲು ಹೋಗಬೇಡಿ. ಬದಲಿಸಿಕೊಂಡ ಹೆಸರೂ ಪೂರ್ಣ ಹೆಸರೇ. ಅದನ್ನು ಹೇಳಿದವರ ಹಳೆಯ ಹೆಸರನ್ನು ಕೆದಕಿ ಕೇಳುವುದು ಸಭ್ಯತೆಯಲ್ಲ.

ಋತುವಿನ ಕೊನೆಯ ಕೂಟದ ದಿನ ಒಂದು ಪ್ರಯೋಗ ಮಾಡಿ. ಜನರೆಲ್ಲ ಹೋಗಿ ಮೈದಾನ ಬರಿದಾದ ಮೇಲೆ ಜೊತೆಯವರೊಬ್ಬರನ್ನು ನೂರು ಹೆಜ್ಜೆ ದೂರ ನಿಲ್ಲಿಸಿ, ನೀವು ಬೆನ್ನು ತಿರುಗಿಸಿ ನಿಲ್ಲಿ. ದೂರದಿಂದ ಕರೆಯುವಾಗ ಹೆಸರಿನ ಕೊನೆಯ ಸ್ವರ ದೀರ್ಘಕ್ಕಿಂತಲೂ ಉದ್ದವಾಗುತ್ತದೆ. ವ್ಯಾಕರಣದಲ್ಲಿ ಅದನ್ನು ಪ್ಲುತವೆಂದು ಕರೆದು, ಅಕ್ಷರದ ಮುಂದೆ ಮೂರರ ಅಂಕಿ ಬರೆದು ಸೂಚಿಸುತ್ತಾರೆ. ಅವರು ನಿಮ್ಮ ಪೂರ್ಣ ಹೆಸರನ್ನು ಒಮ್ಮೆ, ಮನೆಯ ಹೆಸರನ್ನು ಒಮ್ಮೆ, ಯಾವುದು ಮೊದಲೆಂದು ನಿಮಗೆ ತಿಳಿಸದೆ ಕೂಗಲಿ. ಯಾವುದಕ್ಕೆ ನಿಮ್ಮ ಕುತ್ತಿಗೆ ನೀವು ನಿರ್ಧರಿಸುವ ಮೊದಲೇ ತಿರುಗಿತು ಎಂಬುದನ್ನು ಆ ರಾತ್ರಿಯ ಪುಟದಲ್ಲಿ ಬರೆದಿಡಿ.