ಮೊದಲ ಮೂಸ್ ಬೇಟೆ: ಕೋವಿಗಿಂತ ಮೊದಲು ಹೊರೆಯ ಲೆಕ್ಕ ಹಾಕಿ

ಅಮೆರಿಕದ ಅಲಾಸ್ಕ ರಾಜ್ಯದಲ್ಲಿ ಮೂಸ್ ಅನ್ನುವ ಭಾರೀ ಜಿಂಕೆಯ ಬೇಟೆಗೆ ಬರಬೇಕು ಅಂತ ಯಾರಾದರೂ ಫೋನ್ ಮಾಡಿದರೆ ಮೊದಲ ಪ್ರಶ್ನೆ ಸಾಮಾನ್ಯವಾಗಿ ಕೋವಿಯದ್ದು. ಯಾವ ಕ್ಯಾಲಿಬರ್ ತಗೊಳ್ಳಲಿ, ಯಾವ ಸ್ಕೋಪ್ ಹಾಕಿಸಲಿ? ನಾನು ತಿರುಗಿ ಒಂದೇ ಪ್ರಶ್ನೆ ಕೇಳುತ್ತೇನೆ. "ಬಿದ್ದ ಮೇಲೆ ಹೊರುವವರು ಯಾರು?"

ನಾನು ಕೊಡಗಿನವನು. ಅಲಾಸ್ಕದ ಆಂಕರೇಜ್ ನಗರದಲ್ಲಿ ನೆಲೆಸಿ ಬಹಳ ವರ್ಷವಾಯಿತು. ನಮ್ಮಲ್ಲಿ ಬೇಟೆ 1972ರ ವನ್ಯಜೀವಿ ಕಾಯ್ದೆಯೊಂದಿಗೆ ಮುಗಿದ ಮಾತು, ಮುಗಿದದ್ದು ಒಳ್ಳೆಯದೇ ಆಯಿತು. ಇಲ್ಲಿನ ಸ್ಥಿತಿ ಬೇರೆ. ಮೂಸ್‌ಗಳ ಎಣಿಕೆ ನಡೆಯುತ್ತದೆ. ಎಲ್ಲಿ, ಯಾವಾಗ, ಎಂಥದ್ದನ್ನು ಹೊಡೆಯಬಹುದು ಅಂತ ರಾಜ್ಯವೇ ನಿಗದಿ ಮಾಡುತ್ತದೆ. ನದಿ ದಂಡೆಯ ಹಳ್ಳಿಗಳಲ್ಲಿ ಎಷ್ಟೋ ಮನೆಗಳ ಚಳಿಗಾಲದ ಊಟವೇ ಅದು. ಅಮೆರಿಕದಲ್ಲಿರುವ ನಮ್ಮವರಲ್ಲಿ, ಅದರಲ್ಲೂ ಅಜ್ಜನ ಬೇಟೆ ಕಥೆ ಕೇಳಿ ಬೆಳೆದವರಲ್ಲಿ, ಒಮ್ಮೆ ಹೋಗಬೇಕು ಅನ್ನುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ತೂಕ

ಜಿಂಕೆ ಜಾತಿಯಲ್ಲೇ ಅತಿ ದೊಡ್ಡದು ಮೂಸ್. ಬೆಳೆದ ಅಲಾಸ್ಕದ ಗಂಡು 540ರಿಂದ 720 ಕೆಜಿ ತೂಗುತ್ತದೆ. ನಮ್ಮ ದೊಡ್ಡ ಕಡವೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಅಂಥ ಎರಡಕ್ಕಿಂತ ಜಾಸ್ತಿ ತೂಕ ಒಂದೇ ಮೈಯಲ್ಲಿದೆ. ದೊಡ್ಡ ಗಂಡಿನಿಂದ ಸುಮಾರು 225 ಕೆಜಿ ಬರೀ ಮಾಂಸ ಸಿಗುತ್ತದೆ. ಮೂಳೆ ಸೇರಿದರೆ ಹೊರೆ ಇನ್ನೂ ಹೆಚ್ಚು. ಮೂಳೆಯನ್ನು ಲೆಕ್ಕಕ್ಕೆ ಸೇರಿಸಲೇಬೇಕು. ಯಾಕೆಂದರೆ ಹಲವು ಬೇಟೆ ಘಟಕಗಳಲ್ಲಿ, ಅಂದರೆ ಬೇಟೆಗಾಗಿ ಗುರುತಿಸಿದ ಪ್ರದೇಶಗಳಲ್ಲಿ, ಅಕ್ಟೋಬರ್ 1ಕ್ಕೆ ಮೊದಲು ಹೊಡೆದ ಮೂಸ್‌ನ ಕಾಲು, ತೊಡೆ, ಪಕ್ಕೆಲುಬಿನ ಮಾಂಸವನ್ನು ಕಾಡಿನಿಂದ ಹೊರಗೆ ತರುವವರೆಗೆ ಮೂಳೆಯಿಂದ ಬಿಡಿಸುವಂತಿಲ್ಲ.

ನನ್ನ ಮೊದಲ ಬೇಟೆಯಲ್ಲಿ ನಾವು ಇಬ್ಬರೇ ಇದ್ದೆವು. ಗೆಳೆಯ ಹೊಡೆದ ಗಂಡು ಬಿದ್ದದ್ದು ನದಿಯಿಂದ ಎರಡೂವರೆ ಕಿಲೋಮೀಟರ್ ಒಳಗೆ. ನಡುವೆ ಪೂರ್ತಿ ಟಸಕ್ ನೆಲ. ಟಸಕ್ ಅಂದರೆ ಜವುಗಿನಲ್ಲಿ ಎದ್ದು ನಿಂತ ಹುಲ್ಲಿನ ಗುಪ್ಪೆಗಳು. ಗುಪ್ಪೆಯ ಮೇಲೆ ಕಾಲಿಟ್ಟರೆ ಅದು ಹೊರಳುತ್ತದೆ, ಸಂದಿಯಲ್ಲಿ ಇಟ್ಟರೆ ಮೊಣಕಾಲವರೆಗೆ ನೀರು. ಹಿಂದಿನ ಒಂದು ತೊಡೆಯೇ 50 ಕೆಜಿ ದಾಟಿತ್ತು. ಅದನ್ನು ಬೆನ್ನಿಗೆ ಕಟ್ಟಿಕೊಂಡ ಮೇಲೆ ಇನ್ನೊಬ್ಬ ಕೈ ಹಿಡಿದು ಎಳೆಯದೆ ಏಳಲು ಆಗುತ್ತಿರಲಿಲ್ಲ. ಎರಡು ದಿನ, ಒಬ್ಬೊಬ್ಬರಿಗೆ ಐದೈದು ಹೊರೆ. ಎರಡನೇ ದಿನ ಬಿಸಿಲು ಬಂತು. ಸಂಜೆ ಕುತ್ತಿಗೆ ಮಾಂಸದ ಚೀಲ ಬಿಚ್ಚಿದರೆ ಹುಳಿ ವಾಸನೆ. ಅಷ್ಟು ದೊಡ್ಡ ಜೀವ ತೆಗೆದು ಅದರ ಒಂದು ಪಾಲು ಕೆಡಿಸಿದೆವಲ್ಲ ಅನ್ನುವ ನೋವು ಇವತ್ತಿಗೂ ಹೋಗಿಲ್ಲ.

ಅವತ್ತಿನಿಂದ ನನ್ನ ನಿಯಮ ಇಷ್ಟು. ದೋಣಿ ಅಥವಾ ವಿಮಾನ ಬರುವ ಜಾಗದಿಂದ ಒಂದು ಕಿಲೋಮೀಟರ್ ಆಚೆ ಇರುವ ಮೂಸ್ ಎಷ್ಟೇ ದೊಡ್ಡದಿರಲಿ, ನೋಡಿ ಸುಮ್ಮನಾಗುವುದು. ನೀರಿನಲ್ಲಿ ನಿಂತದ್ದನ್ನು ದಡಕ್ಕೆ ಬರುವವರೆಗೆ ಕಾಯುವುದು. ಈಜುತ್ತಿರುವುದನ್ನು ಹೊಡೆಯುವುದು ಹೇಗೂ ಅಪರಾಧ. ಮತ್ತು ಒಂದು ಮೂಸ್‌ಗೆ ಕನಿಷ್ಠ ಇಬ್ಬರು ಗಟ್ಟಿ ಆಳು. ನಾಲ್ಕು ಜನ ಹೋದರೆ ಬೇಟೆಗೆ ನಾಲ್ಕು ಅನುಮತಿ ಚೀಟಿ ಇದ್ದರೂ ಎರಡು ಮೂಸ್‌ಗೆ ನಿಲ್ಲಿಸಿ.

ಒಂದು ವರ್ಷ ಮೊದಲು: ಜಾಗ ಮತ್ತು ಕಾಗದ

ಅಲಾಸ್ಕವನ್ನು 26 ಬೇಟೆ ಘಟಕಗಳಾಗಿ ಹಂಚಿದ್ದಾರೆ. ಮೀನು ಮತ್ತು ಬೇಟೆ ಇಲಾಖೆ ಪ್ರತಿವರ್ಷ ನಿಯಮದ ಪುಸ್ತಕ ಹೊರಡಿಸುತ್ತದೆ. ಜುಲೈ 1ರಿಂದ ಹೊಸ ವರ್ಷದ ನಿಯಮ ಜಾರಿ. ನಿಮ್ಮ ಘಟಕದ ಪುಟವನ್ನು ಮುದ್ರಿಸಿಕೊಂಡು ಸಾಲು ಸಾಲಾಗಿ ಓದಿ. ಕೆಲವು ಕಡೆ ಲಾಟರಿಯಲ್ಲಿ ಪರ್ಮಿಟ್ ಗೆಲ್ಲಬೇಕು. ಅದಕ್ಕೆ ಅರ್ಜಿ ನವೆಂಬರ್ 1ರಿಂದ ಡಿಸೆಂಬರ್ 15ರವರೆಗೆ, ಫಲಿತಾಂಶ ಫೆಬ್ರುವರಿಯಲ್ಲಿ. ಇನ್ನು ಕೆಲವು ಕಡೆ ಲಾಟರಿಯಿಲ್ಲದೆ ಸಿಗುವ ಹಾರ್ವೆಸ್ಟ್ ಟಿಕೆಟ್ ಅನ್ನುವ ಬೇಟೆ ಚೀಟಿ ಪಡೆದರೆ ಸಾಕು. ಮೊದಲ ಸಲದವರಿಗೆ ಈ ಎರಡನೆಯದೇ ಸುಲಭ.

ಸತತ 12 ತಿಂಗಳು ಅಲಾಸ್ಕದಲ್ಲಿ ವಾಸವಿಲ್ಲದವರು ಹೊರಗಿನವರು. ಅವರಿಗೆ ಲೈಸೆನ್ಸ್ 160 ಡಾಲರ್, ಮೂಸ್ ಟ್ಯಾಗ್ 800 ಡಾಲರ್. ಅಮೆರಿಕದ ಪ್ರಜೆಯಾದ ಹೊರಗಿನವರು ಮೂಸ್ ಬೇಟೆಗೆ ಗೈಡ್ ಇಲ್ಲದೆ ಹೋಗಬಹುದು. ಅಮೆರಿಕದ ನಿವಾಸಿಯಲ್ಲದ ವಿದೇಶಿ ಪ್ರಜೆ ಹಾಗೆ ಹೋಗುವಂತಿಲ್ಲ, ಯಾವ ದೊಡ್ಡ ಪ್ರಾಣಿಯ ಬೇಟೆಗೂ ಲೈಸೆನ್ಸ್ ಇರುವ ಗೈಡ್ ಜೊತೆಗಿರಲೇಬೇಕು. ಶುಲ್ಕವೂ ಬೇರೆ. ನಿಮ್ಮ ವೀಸಾ ಯಾವ ಗುಂಪಿಗೆ ಬರುತ್ತದೆ ಅಂತ ಇಲಾಖೆಗೇ ಫೋನ್ ಮಾಡಿ ಕೇಳಿ. ಗೆಳೆಯರ ಮಾತು ಇಲ್ಲಿ ಸಾಲದು. 1986ರ ಜನವರಿ 1ರ ನಂತರ ಹುಟ್ಟಿದವರು 7, 13, 14, 15, 20ನೇ ಘಟಕಗಳಲ್ಲಿ ಬೇಟೆಯಾಡಲು ಹಂಟರ್ ಎಜುಕೇಶನ್ ಕೋರ್ಸ್ ಮುಗಿಸಿರಬೇಕು. ವಯಸ್ಸು ಎಷ್ಟೇ ಇರಲಿ, ಎಲ್ಲರೂ ಮಾಡುವುದು ಒಳ್ಳೆಯದು.

ನಕ್ಷೆಯಲ್ಲಿ ಖಾಲಿ ಕಾಣುವ ನೆಲವೆಲ್ಲ ಖಾಲಿಯಲ್ಲ. 1971ರ ಕಾನೂನಿನ ಪ್ರಕಾರ ಸುಮಾರು 4.4 ಕೋಟಿ ಎಕರೆ ಮೂಲನಿವಾಸಿಗಳ ನಿಗಮಗಳಿಗೆ ಸೇರಿತು. ಹಳ್ಳಿಗಳ ಸುತ್ತ, ನದಿ ದಂಡೆಯಲ್ಲಿ ಬಹಳಷ್ಟು ಅವರದ್ದೇ ಖಾಸಗಿ ನೆಲ. ಅನುಮತಿ ಇಲ್ಲದೆ ಕಾಲಿಡಬೇಡಿ. ಇನ್ನು ಕೊಯುಕುಕ್ ನದಿಯ ಕೆಳಭಾಗದಂಥ ಕಡೆ ಮೂಸ್ ಬೇಟೆಗೆ ವಿಮಾನ ಬಳಸುವುದೇ ನಿಷೇಧ, ದೋಣಿಯಲ್ಲೇ ಹೋಗಬೇಕು.

ಸೀಸನ್ ಬಹುತೇಕ ಸೆಪ್ಟೆಂಬರ್‌ನಲ್ಲೇ. ಕೊಡಗಿನಲ್ಲಿ ಕೈಲ್‌ಪೊಳ್ದ್ ದಿನ ಕೋವಿಗೆ ತೋಕ್ ಪೂ ಸಿಕ್ಕಿಸಿ ಪೂಜೆ ಮಾಡುವ ಹೊತ್ತಿಗೇ ಇಲ್ಲಿ ಮೂಸ್ ಸೀಸನ್ ತೆರೆದುಕೊಳ್ಳುತ್ತದೆ. ದಿನ ಆರಿಸುವಾಗ ಒಂದು ಮಾತು. ತಿಂಗಳ ಕೊನೆಯ ಕಡೆ ಹೋದಂತೆ ಗಂಡುಗಳು ಬೆದೆಗೆ ಬರುತ್ತವೆ, ಕೂಗಿಗೆ ಓಗೊಟ್ಟು ಹತ್ತಿರ ಬರುತ್ತವೆ. ಚಳಿಯೂ ಹೆಚ್ಚುವುದರಿಂದ ಮಾಂಸ ಉಳಿಯುತ್ತದೆ. ನನ್ನನ್ನು ಕೇಳಿದರೆ ಸೀಸನ್ನಿನ ಕೊನೆಯ ಹತ್ತು ದಿನ.

ಪೈಲಟ್‌ಗೆ ಕೇಳಬೇಕಾದದ್ದು

ರಸ್ತೆಯಿಲ್ಲದ ಜಾಗಕ್ಕೆ ನಿಮ್ಮನ್ನು ಬಿಟ್ಟು ಬರುವವರಿಗೆ ಟ್ರಾನ್ಸ್‌ಪೋರ್ಟರ್ ಅನ್ನುತ್ತಾರೆ. ಅವರು ಗೈಡ್ ಅಲ್ಲ. ಕಾಡಿನಲ್ಲಿ ಮೂಸ್ ಹುಡುಕಿಕೊಡುವುದಾಗಲಿ, ಕೊಯ್ಯುವುದಾಗಲಿ ಅವರ ಕೆಲಸವಲ್ಲ. ಒಳ್ಳೆಯವರು ಒಂದೆರಡು ವರ್ಷ ಮೊದಲೇ ಬುಕ್ ಆಗಿರುತ್ತಾರೆ.

ದರ ಕೇಳುವ ಮೊದಲು ಇದನ್ನು ಕೇಳಿ. ಯಾವ ವಿಮಾನ? ಸೂಪರ್ ಕಬ್ ಆದರೆ ಪೈಲಟ್ ಬಿಟ್ಟು ಒಬ್ಬರಿಗೇ ಜಾಗ. ಬೀವರ್ ಆದರೆ ಮೂರ್ನಾಲ್ಕು ಜನ ಮತ್ತು ಸಾಮಾನು. ತಲೆಗೆ ಎಷ್ಟು ಕೆಜಿ ಸಾಮಾನು? ಒಂದು ಮೂಸ್ ಹೊರತರಲು ಎಷ್ಟು ಟ್ರಿಪ್, ಅದರ ಹಣ ಈ ದರದಲ್ಲೇ ಸೇರಿದೆಯಾ? ಮಾಂಸವನ್ನು ಮೊದಲೇ ತೆಗೆದುಕೊಂಡು ಹೋಗಲು ಸಂದೇಶ ಕಳಿಸಿದರೆ ಎಷ್ಟು ದಿನದಲ್ಲಿ ಬರುತ್ತೀರಿ? ಈ ಕೊನೆಯ ಪ್ರಶ್ನೆಗೆ ಸರಿಯಾದ ಉತ್ತರ ಕೊಡದವರ ಜೊತೆ ನಾನು ಹೋಗುವುದಿಲ್ಲ.

ಮಂಜು ಕವಿದರೆ ವಿಮಾನ ಬರುವುದಿಲ್ಲ. ಹತ್ತು ದಿನದ ಬೇಟೆಗೆ ಹದಿನಾಲ್ಕು ದಿನದ ಊಟ ಇರಲಿ. ಆಫೀಸಿನ ರಜೆಯಲ್ಲೂ ಆ ನಾಲ್ಕು ದಿನ ಸೇರಿಸಿ. ಇನ್ನೊಂದು ಕಾನೂನು: ಸಣ್ಣ ವಿಮಾನದಲ್ಲಿ ಹಾರಿದ ದಿನ ಮೂಸ್ ಹೊಡೆಯುವಂತಿಲ್ಲ. ಮರುದಿನ ಬೆಳಗಿನ ಜಾವ 3 ಗಂಟೆ ಕಳೆಯಬೇಕು.

ಕೊಂಬು ಓದಲು ಕಲಿಯಿರಿ

ಹೊರಗಿನವರಿಗೆ ಬಹಳ ಕಡೆ ಇರುವ ನಿಯಮ ಇದು: ಕೊಂಬಿನ ಒಟ್ಟು ಅಗಲ 50 ಇಂಚು ಇರಬೇಕು, ಇಲ್ಲವೇ ಕನಿಷ್ಠ ಒಂದು ಬದಿಯಲ್ಲಿ ಹುಬ್ಬಿನ ಕವಲುಗಳು ಮೂರೋ ನಾಲ್ಕೋ ಇರಬೇಕು. ಎಷ್ಟು ಅನ್ನುವುದು ಘಟಕದ ಮೇಲೆ ಹೋಗುತ್ತದೆ. ಹುಬ್ಬಿನ ಕವಲು ಅಂದರೆ ಬುಡದ ಹತ್ತಿರ, ಮುಖದ ಮುಂದಕ್ಕೆ ಚಾಚಿದ ಮೊನೆಗಳು. ಮೊನೆ ಒಂದು ಇಂಚಾದರೂ ಉದ್ದ ಇದ್ದರೆ ಮಾತ್ರ ಲೆಕ್ಕಕ್ಕೆ ಬರುತ್ತದೆ.

ಪೊದೆ ನಡುವೆ 150 ಮೀಟರ್ ದೂರದಲ್ಲಿ ನಿಂತದ್ದರ ಕೊಂಬು 48 ಇಂಚೋ 51 ಇಂಚೋ ಹೇಳುವುದು ನುರಿತವರಿಗೂ ಕಷ್ಟ. ಆದ್ದರಿಂದ ಅಗಲವನ್ನು ಅಂದಾಜು ಮಾಡುವುದಕ್ಕಿಂತ ಕವಲು ಎಣಿಸಿ. ಮೂಸ್ ತಲೆ ತಗ್ಗಿಸಿ ಎದುರಾಗಿ ತಿರುಗುವವರೆಗೆ ಕಾಯಿರಿ. ಇಲಾಖೆಯ ವೆಬ್‌ಸೈಟಿನಲ್ಲಿ ಇದನ್ನೇ ಕಲಿಸುವ ಚಿತ್ರ, ವಿಡಿಯೋ ಇವೆ. ಬೇಸಿಗೆಯಿಡೀ ನೋಡಿ. ಎಣಿಕೆ ಖಚಿತವಾಗದಿದ್ದರೆ ಕೋವಿ ಎತ್ತಬೇಡಿ.

ಕೋವಿ ಮತ್ತು ಸಾಮಾನು

.30-06 ಕ್ಯಾಲಿಬರ್ ಸಾಕು. ನಿಮಗೆ ಒಗ್ಗಿದ ಕೋವಿ, ಒಳ್ಳೆಯ ತೋಟೆ. ಟೇಬಲ್ ಮೇಲೆ ಇಟ್ಟು ಹೊಡೆಯುವುದನ್ನು ನಿಲ್ಲಿಸಿ ಕುಳಿತು, ಮಂಡಿಯೂರಿ, ಬೆನ್ನ ಚೀಲಕ್ಕೆ ಆನಿಸಿ ಅಭ್ಯಾಸ ಮಾಡಿ. ಗುರಿ ಮುಂಗಾಲಿನ ಹಿಂದಿನ ಶ್ವಾಸಕೋಶ. ಗುಂಡು ಸರಿಯಾಗಿ ಬಿದ್ದರೂ ಮೂಸ್ ಎಷ್ಟೋ ಸಲ ಅಲ್ಲಾಡದೆ ನಿಂತಿರುತ್ತದೆ. ನಿಂತಿರುವಷ್ಟು ಹೊತ್ತು ಇನ್ನೊಂದು ಈಡಿಗೆ ತಯಾರಿರಿ.

ನಿಮ್ಮ ಊರಿನಿಂದ ವಿಮಾನದಲ್ಲಿ ಬರುವಾಗ ಕೋವಿ ಖಾಲಿಯಿರಬೇಕು, ಬೀಗ ಹಾಕಿದ ಗಟ್ಟಿ ಪೆಟ್ಟಿಗೆಯಲ್ಲಿರಬೇಕು, ಕೌಂಟರ್‌ನಲ್ಲಿ ಹೇಳಬೇಕು. ಕರಡಿ ಸ್ಪ್ರೇ ಮತ್ತು ಒಲೆಯ ಗ್ಯಾಸ್ ಪ್ರಯಾಣಿಕ ವಿಮಾನದಲ್ಲಿ ತರುವಂತಿಲ್ಲ. ಆಂಕರೇಜ್ ಅಥವಾ ಫೇರ್‌ಬ್ಯಾಂಕ್ಸ್‌ನಲ್ಲಿ ಕೊಳ್ಳಿ, ಹತ್ತುವ ಮೊದಲೇ ಸಣ್ಣ ವಿಮಾನದ ಪೈಲಟ್ ಕೈಗೆ ಕೊಡಿ. ನೀರಿನಲ್ಲಿ ನಡೆಯಲು ಸೊಂಟದವರೆಗಿನ ವೇಡರ್ ಬೂಟು, ಉಣ್ಣೆ ಬಟ್ಟೆ, ಎರಡು ಕಡೆಯಿಂದ ಸಂದೇಶ ಹೋಗಿಬರುವ ಸ್ಯಾಟಲೈಟ್ ಸಾಧನ, ಗಟ್ಟಿ ಫ್ರೇಮಿನ ಬೆನ್ನ ಚೀಲ. ಇವು ನಾಲ್ಕರಲ್ಲಿ ಜಿಪುಣತನ ಬೇಡ.

ಬಿದ್ದ ಮೇಲೆ

ಕೆಲಸ ಶುರುವಾಗುವುದು ಈಗ. ಮೊದಲು ಮೂಸ್ ಟ್ಯಾಗನ್ನು ಪ್ರಾಣಿಗೆ ಸಿಕ್ಕಿಸಿ ಬೀಗ ಹಾಕಿ. ಆಮೇಲೆ ಚರ್ಮ. ಮೂಸ್‌ನ ಚರ್ಮ ದಪ್ಪ ಕಂಬಳಿ ಇದ್ದ ಹಾಗೆ, ಒಳಗಿನ ಬಿಸಿ ಹೊರಗೆ ಬಿಡುವುದಿಲ್ಲ. ತಡಮಾಡಿದರೆ ತೊಡೆಯ ಮೂಳೆಯ ಸುತ್ತ ಕೆಡಲು ಶುರುವಾಗಬಹುದು. ಮೇಲಿನ ಕಾಲಿಗೆ ಹಗ್ಗ ಕಟ್ಟಿ ಮರಕ್ಕೆ ಬಿಗಿಯಿರಿ. ಆಗ ಒಬ್ಬರು ಕಾಲು ಹಿಡಿದು ನಿಲ್ಲಬೇಕಿಲ್ಲ. ಒಂದು ಬದಿ ಸುಲಿದು ಮುಂದಿನ ಕಾಲು, ಹಿಂದಿನ ತೊಡೆ, ಬೆನ್ನಿನ ಮಾಂಸ, ಕುತ್ತಿಗೆ, ಪಕ್ಕೆಲುಬು ತೆಗೆಯಿರಿ. ಹಗುರಾದ ಮೇಲೆ ಮಗ್ಗುಲು ಹೊರಳಿಸಿ ಇನ್ನೊಂದು ಬದಿ. ಹಿಂದಿನ ಒಂದು ತೊಡೆಯಲ್ಲಿ ಗಂಡಿನ ಗುರುತನ್ನು ಹಾಗೇ ಬಿಡಬೇಕು, ಅದೂ ಕಾನೂನು. ಇಬ್ಬರು ಹೊಸಬರಿಗೆ ಇಡೀ ದಿನದ ಕೆಲಸ.

ಪ್ಲಾಸ್ಟಿಕ್ ಚೀಲ ಬೇಡವೇ ಬೇಡ. ಗಾಳಿಯಾಡುವ ಬಟ್ಟೆ ಚೀಲಗಳಲ್ಲಿ ಹಾಕಿ. ನಾನು ನಿಂಬೆಉಪ್ಪನ್ನು ನೀರಿಗೆ ಕರಗಿಸಿ ಮಾಂಸದ ಮೇಲೆ ಸಿಂಪಡಿಸುತ್ತೇನೆ, ನೊಣ ಕೂರುವುದಿಲ್ಲ. ನೆರಳಿನಲ್ಲಿ ಎರಡು ಮರದ ನಡುವೆ ಗಳ ಕಟ್ಟಿ ತೂಗುಹಾಕಿ, ಮೇಲೆ ಟಾರ್ಪಾಲು, ಸುತ್ತ ಗಾಳಿ. ಒಂದೆರಡು ದಿನದಲ್ಲಿ ಮೇಲ್ಪದರ ಒಣಗಿ ಗಟ್ಟಿ ಚರ್ಮದಂತಾಗುತ್ತದೆ. ಕೈಯಿಂದ ಮುಟ್ಟಿದರೆ ಅಂಟಬಾರದು. ಅಂಟಿದರೆ ಗಾಳಿ ಸಾಲದು ಅಂತ ಅರ್ಥ. ಈ ಗಳ ಡೇರೆಯಿಂದ ನೂರು ಮೀಟರ್ ದೂರ ಇರಲಿ, ಆದರೆ ಕಣ್ಣಿಗೆ ಕಾಣುವಂತಿರಲಿ. ಕರಡಿ ಬರುವುದು ಅಲ್ಲಿಗೇ. ಬೆಳಿಗ್ಗೆ ಎದ್ದು ಹೋಗುವಾಗ ಜೋರಾಗಿ ಮಾತಾಡುತ್ತಾ ಹೋಗಿ.

ಕೊಂಬು ಕೊನೆಯ ಹೊರೆ. ಮಾಂಸಕ್ಕಿಂತ ಮೊದಲು ಕೊಂಬು ಹೊರಗೆ ತರುವಂತಿಲ್ಲ. ತಿನ್ನುವ ಮಾಂಸವನ್ನು ಕಾಡಿನಲ್ಲಿ ಬಿಟ್ಟು ಬಂದರೆ ದೊಡ್ಡ ಶಿಕ್ಷೆಯಿದೆ, ಕುತ್ತಿಗೆ, ಎದೆ, ಪಕ್ಕೆಲುಬುಗಳ ನಡುವಿನ ಮಾಂಸವೂ ಸೇರಿ. ಗುಂಡಿಗೆ ಮತ್ತು ನಾಲಿಗೆ ಕಡ್ಡಾಯವಲ್ಲ, ಆದರೆ ಬಿಡಬೇಡಿ. ನಾನು ಒಂದು ಚಿಕ್ಕ ಬಾಟಲಿಯಲ್ಲಿ ಕಾಚಂಪುಳಿ (ಕೊಡಗಿನ ಕಪ್ಪು ಹುಳಿ), ಒಂದು ಡಬ್ಬಿ ಕರಿಮೆಣಸಿನ ಪುಡಿ ಒಯ್ಯುತ್ತೇನೆ. ಮೊದಲ ರಾತ್ರಿ ಹುರಿದ ಗುಂಡಿಗೆ.

ವಾಪಸ್ ಬರುವಾಗ

ಮಾಂಸ ಕತ್ತರಿಸಿ ಪ್ಯಾಕ್ ಮಾಡಿಕೊಡುವ ಅಂಗಡಿಯನ್ನು ಹೋಗುವ ಮೊದಲೇ ಗೊತ್ತು ಮಾಡಿಕೊಳ್ಳಿ. ಸೆಪ್ಟೆಂಬರ್ ಕೊನೆಯಲ್ಲಿ ಅವರ ಫ್ರೀಜರ್ ತುಂಬಿರುತ್ತದೆ. 225 ಕೆಜಿ ನಿಮಗೆ ಬೇಕಾ ಅಂತಲೂ ಆಗಲೇ ಯೋಚಿಸಿ. ನಮ್ಮೂರ ಬೇಟೆಯಲ್ಲಿ ಊರಿಗೆ ಪಾಲು ಹಂಚುತ್ತಿದ್ದರಲ್ಲ, ಇಲ್ಲೂ ಅದೇ ರೂಢಿ. ಹತ್ತಿರದ ಹಳ್ಳಿಯ ಹಿರಿಯರಿಗೆ ಪಾಲು ಕೊಟ್ಟರೆ ಬಹಳ ಖುಷಿಪಡುತ್ತಾರೆ. ಕೊಡುವಾಗ ಹಸ್ತಾಂತರದ ಫಾರಂ ತುಂಬಿ ಸಹಿ ಹಾಕಿ, ಮತ್ತು ಕೊಡುವುದು ಒಳ್ಳೆಯ ಭಾಗವಾಗಿರಲಿ, ಕೆಟ್ಟುಹೋಗುತ್ತಿರುವುದಲ್ಲ.

ತಲೆಬುರುಡೆ ತೆಗೆದುಕೊಂಡು ಹೋಗುವವರು ನಿಮ್ಮ ರಾಜ್ಯದ ನಿಯಮ ನೋಡಿ. ಜಿಂಕೆ ಜಾತಿಯ ಮೆದುಳು, ಬೆನ್ನುಹುರಿ ಒಳಗೆ ತರಲು ಹಲವು ರಾಜ್ಯಗಳು ಬಿಡುವುದಿಲ್ಲ. ಬೇಟೆಯ ವರದಿಯನ್ನು ಮೂಸ್ ಹೊಡೆದ 15 ದಿನದೊಳಗೆ ಆನ್‌ಲೈನ್‌ನಲ್ಲಿ ತುಂಬಬೇಕು. ಏನೂ ಸಿಗದಿದ್ದರೂ ಸೀಸನ್ ಮುಗಿದ 15 ದಿನದೊಳಗೆ ತುಂಬಬೇಕು. ಮುಂದಿನ ವರ್ಷದ ಲೆಕ್ಕ ನಿಲ್ಲುವುದು ಅದರ ಮೇಲೆ.

ಗಟ್ಟಿಯಾಗಿ ಹೆಪ್ಪುಗಟ್ಟಿದ ಮಾಂಸವನ್ನು ಇಲ್ಲಿ ಎಲ್ಲ ಕಡೆ ಸಿಗುವ ಮೇಣ ಲೇಪಿಸಿದ ಮೀನಿನ ಡಬ್ಬಗಳಲ್ಲಿ ತುಂಬಿ, ಟೇಪು ಸುತ್ತಿ, ಲಗೇಜಿಗೆ ಹಾಕಬಹುದು. ಒಂದು ಡಬ್ಬಕ್ಕೆ 22 ಕೆಜಿ. ಮನೆ ತಲುಪುವ ದಿನ ಫ್ರೀಜರ್ ಖಾಲಿ ಇಟ್ಟು ಆನ್ ಮಾಡಿರಲು ಮನೆಯವರಿಗೆ ಮೊದಲೇ ಹೇಳಿ.