ಅರ್ಧ ಶಟರ್ ಎತ್ತಿ ಹತ್ತು ನಿಮಿಷ

"ಇದೇನು ಗ್ಯಾರೇಜೋ ಭಜನಾ ಮಂಡಳಿಯೋ?" ಅಂತ ಪಕ್ಕದ ಪಂಕ್ಚರ್ ಅಂಗಡಿಯವರು ನಕ್ಕು ಹತ್ತಿರ ಹತ್ತಿರ ಎರಡು ವರ್ಷ ಆಯಿತು. ಹೋದ ತಿಂಗಳು ಅವರೇ ಬಂದು, "ಬೆಳಗ್ಗೆ ಏನೋ ಮಾಡ್ತೀರಲ್ಲ, ಅದನ್ನ ನಮ್ಮ ಹುಡುಗರಿಗೂ ಒಂಚೂರು ಹೇಳಿಕೊಡಿ" ಅಂದರು. ಬೆಳಗ್ಗೆ ಹತ್ತು ನಿಮಿಷ ಒಬ್ಬರಿಗೊಬ್ಬರು ಥ್ಯಾಂಕ್ಸ್ ಹೇಳಿ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತ ಒಪ್ಪಿಕೊಳ್ಳುವುದು, ಅಷ್ಟೇ ಅದು. ಅದಕ್ಕೇ ಬರೆಯುತ್ತಿದ್ದೇನೆ. ಬೆಂಗಳೂರಿನ ಹನುಮಂತನಗರದಲ್ಲಿ ನಮ್ಮದು ಟೂ ವೀಲರ್ ಗ್ಯಾರೇಜು, ಅಪ್ಪ ಶುರು ಮಾಡಿದ್ದು. ನಾನು, ಅಪ್ಪನ ಕಾಲದಿಂದಲೂ ಇರುವ ಹಿರಿಯ ಮೆಕ್ಯಾನಿಕ್ ಉಸ್ತಾದ್, ಮೂವರು ಹುಡುಗರು.

2020ರ ಏಪ್ರಿಲ್‌ಗೆ ಗಾಡಿಗಳ ಹೊಗೆಗೆ ಮಿತಿ ಹಾಕುವ ಬಿಎಸ್6 ನಿಯಮ ಬಂತು. ಮುಂದಿನ ಎರಡು ಮೂರು ವರ್ಷದಲ್ಲಿ ಕಾರ್ಬೊರೇಟರ್ ಬದಲು ಸೆನ್ಸರ್ ಲೆಕ್ಕದಲ್ಲಿ ಪೆಟ್ರೋಲು ಚಿಮ್ಮಿಸುವ ಎಫ್‌ಐ (ಫ್ಯೂಯೆಲ್ ಇಂಜೆಕ್ಷನ್) ಗಾಡಿಗಳು ವಾರಂಟಿ ಮುಗಿಸಿಕೊಂಡು ನಮ್ಮ ಬಾಗಿಲಿಗೆ ಬರತೊಡಗಿದವು. ಕಾರ್ಬೊರೇಟರನ್ನು ಬರೀ ಕಿವಿಯಲ್ಲೇ ಟ್ಯೂನ್ ಮಾಡುವ ಉಸ್ತಾದ್‌ಗೆ ಸೆನ್ಸರ್ ಅಂದರೇ ಸಿಟ್ಟು. ನನಗೆ ಗೊತ್ತಿದ್ದದ್ದು ಅರ್ಧಂಬರ್ಧ. ತಿಂಗಳಿಗೆ ಹತ್ತು ಹನ್ನೆರಡು ಗಾಡಿ ವಾಪಸ್ ಬರುತ್ತಿದ್ದವು. ವಾಪಸ್ ಬಂದ ಗಾಡಿಗೆ ಲೇಬರ್ ಕೇಳಲು ಮುಖ ಇರುವುದಿಲ್ಲ, ನಿಮಗೇ ಗೊತ್ತಲ್ಲ. ಏಳೆಂಟು ಸಾವಿರ ಹಾಗೇ ಕರಗುತ್ತಿತ್ತು.

ಆಗ ಮೊಬೈಲಿನಲ್ಲಿ ಏನೋ ನೋಡಿ, ಬೆಳಗ್ಗೆ ಎದ್ದು ಐದು ವಿಷಯಕ್ಕೆ ಕೃತಜ್ಞತೆ ಬರೆಯಲು ಕೂತೆ. ಆರುನೂರು ರೂಪಾಯಿಯ ದಪ್ಪ ಡೈರಿ. ಮೊದಲ ವಾರ ಅಮ್ಮ, ಹೆಂಡತಿ, ಆರೋಗ್ಯ ಎಲ್ಲ ಮುಗಿಯಿತು. ಹತ್ತನೇ ದಿನಕ್ಕೆ ಕಾಫಿ, ಹನ್ನೊಂದನೇ ದಿನಕ್ಕೂ ಕಾಫಿ. ಈಗ ಆ ಡೈರಿಯಲ್ಲಿ ಪಾರ್ಟ್ ನಂಬರ್ ಬರೆಯುತ್ತಿದ್ದೇವೆ. ಸ್ಪೇರ್ ಪಾರ್ಟ್ ತರಲು ಜೆ.ಸಿ. ರಸ್ತೆಗೆ ಹೋಗುವಾಗ ತುಂಬಾ ಉಪಯೋಗ.

ಆಮೇಲೆ ಹುಡುಗರನ್ನು ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರೂ ಥ್ಯಾಂಕ್ಸ್ ಹೇಳಿ ಅಂದೆ. ಒಬ್ಬ ಬಹಳ ವಿನಯದಿಂದ "ಅಣ್ಣ, ಟೈಮಿಗೆ ಸರಿಯಾಗಿ ಸಂಬಳ ಕೊಡ್ತೀಯಲ್ಲ, ಅದಕ್ಕೆ ಥ್ಯಾಂಕ್ಸ್" ಅಂದ. ಸಂಜೆ ಎರಡು ಸಾವಿರ ಅಡ್ವಾನ್ಸ್ ಕೇಳಿದ. ಕೊಡದೆ ಇರೋಕೆ ಆಗುತ್ತಾ?

ಮೂರನೆಯದು ಇನ್ನೂ ದಂಡ. ಕಲಿಯೋ ಆಸಕ್ತಿ ಬರಲಿ ಅಂತ ಪ್ರಶ್ನೆಗೆ ಇಪ್ಪತ್ತು ರೂಪಾಯಿ ಇಟ್ಟೆ. ಒಂದು ತಿಂಗಳಲ್ಲಿ ಒಂಬೈನೂರು ಚಿಲ್ಲರೆ ಹೋಯಿತು. ಕೇಳಿದ ಪ್ರಶ್ನೆಗಳೋ, "ಸೈಡ್ ಸ್ಟ್ಯಾಂಡ್ ಯಾಕೆ ಎಡಗಡೆನೇ ಇರತ್ತೆ?" ಅನ್ನುವಂಥವು. (ಇದಕ್ಕೆ ಉತ್ತರ ಹುಡುಕಲು ಮಾತ್ರ ನಾನೂ ಅರ್ಧ ದಿನ ಕಳೆದೆ, ಅದು ಬೇರೆ ಮಾತು.) ಉಸ್ತಾದ್ ಅಷ್ಟೂ ದಿನ ಒಂದು ಮಾತೂ ಆಡದೆ ಟೀ ಕುಡಿಯುತ್ತಾ ಕೂತಿದ್ದರು.

ದಾರಿ ಸಿಕ್ಕಿದ್ದು ಒಂದು ಸ್ಕೂಟರಿನಿಂದ. ಮಳೆ ಬಂದ ಮಾರನೇ ದಿನ ಓಡುತ್ತಾ ಓಡುತ್ತಾ ಆಫ್ ಆಗುತ್ತಿತ್ತು. ನಾನು ಫ್ಯೂಯೆಲ್ ಪಂಪ್ ಅಂತ ತೀರ್ಮಾನ ಮಾಡಿ ಹೊಸದು ಹಾಕಿಸಿದೆ, ಐದೂವರೆ ಸಾವಿರ ಇರಬೇಕು. ನಾಲ್ಕನೇ ದಿನ ಗಾಡಿ ಆಟೋದ ಹಿಂದೆ ಹಗ್ಗ ಕಟ್ಟಿಸಿಕೊಂಡು ವಾಪಸ್ ಬಂತು. ಗಿರಾಕಿ ಏನಂದರು ಅನ್ನುವುದನ್ನು ಬರೆಯುವುದು ಬೇಡ. ಪಂಪಿನ ದುಡ್ಡು ನನ್ನ ತಲೆ ಮೇಲೆ. ರಾತ್ರಿ ಒಂಬತ್ತರ ತನಕ ಒದ್ದಾಡಿದ ಮೇಲೆ ರಾಣೆಬೆನ್ನೂರು ಕಡೆಯ ಹುಡುಗ ಸೀಟಿನ ಕೆಳಗೆ ವೈರ್‌ಗಳು ಸೇರುವ ಕಪ್ಲರ್ ಎಳೆದು ತೋರಿಸಿದ. ಅರ್ಥ್ ವೈರಿನ ಪಿನ್ನು ಪೂರ್ತಿ ಹಸಿರು, ಕಿಲುಬು ಹಿಡಿದು ಪುಡಿಪುಡಿ. ಎಮರಿ ಪೇಪರ್‌ನಲ್ಲಿ ಉಜ್ಜಿ, ಪಿನ್ ಬದಲಾಯಿಸಿ ಹಾಕಿದೆವು. ಖರ್ಚು ಮೂವತ್ತು ರೂಪಾಯಿ.

ಮರುದಿನ ಬೆಳಗ್ಗೆ ಶಟರ್ ಅರ್ಧ ಎತ್ತಿದ್ದೆವು. ಎಲ್ಲರ ಮುಂದೆ ಅವನಿಗೆ ಹೇಳಿದೆ: "ನಿನ್ನೆ ನೀನು ಆ ಕಪ್ಲರ್ ಎಳೆದು ನನ್ನ ಮಾನ ಉಳಿಸಿದೆ ಮಾರಾಯ. ನಂಗೆ ಅದು ತಲೆಗೇ ಹೊಳೆದಿರಲಿಲ್ಲ." ಅವನು ಕಾಲಲ್ಲಿ ನೆಲ ಕೆರೆಯುತ್ತಾ, "ಮೊದಲನೇ ದಿನಾನ ನೋಡಿದ್ನಿ ಅಣ್ಣಾ. ಉಸ್ತಾದ್ ಬೈತಾರಂತ ಸುಮ್ನಿದ್ದೆ" ಅಂದ.

ಐದೂವರೆ ಸಾವಿರ ಸುಮ್ಮನಿತ್ತು, ಅವನ ಬಾಯಲ್ಲಿ!

ಅವತ್ತಿನಿಂದ ಇದೇ ಪದ್ಧತಿ. ಎಂಟೂವರೆಗೆ ಅರ್ಧ ಶಟರ್. ಯಾವ ಗಾಡಿಗೆ ಏನು ಕೆಲಸ ಅಂತ ಬರೆದ ನಿನ್ನೆಯ ಜಾಬ್ ಕಾರ್ಡ್‌ಗಳು ಬೆಂಚಿನ ಮೇಲೆ. ಮೊದಲು ಮಾತಾಡುವವನು ನಾನು, ಓನರ್. ನಿನ್ನೆ ಯಾರು ಯಾವ ಗಾಡಿಯಲ್ಲಿ ಏನು ಮಾಡಿದ್ದಕ್ಕೆ ಕೆಲಸ ಹಗುರ ಆಯಿತು ಅಂತ ಹೆಸರು ಹಿಡಿದು ಹೇಳಬೇಕು. "ಎಲ್ಲರಿಗೂ ಥ್ಯಾಂಕ್ಸ್" ಅನ್ನುವಂತಿಲ್ಲ. ಹಿಂದೆಯೇ "ನಂಗೆ ಇದು ಗೊತ್ತಾಗಲಿಲ್ಲ" ಅಂತ ಒಂದು ವಿಷಯ ಹೇಳಬೇಕು. ಎರಡೂ ಜೋಡಿ. ಬರೀ ಥ್ಯಾಂಕ್ಸ್ ಹೇಳಿದರೆ ಬೆಣ್ಣೆ ಹಚ್ಚಿದ ಹಾಗೆ, ಬರೀ ಪ್ರಶ್ನೆ ಕೇಳಿದರೆ ಕೊಂಕು ತೆಗೆದ ಹಾಗೆ. ಎರಡನ್ನೂ ಬೇರೆ ಬೇರೆ ಮಾಡಿ ನೋಡಿಯೇ ಹೇಳುತ್ತಿದ್ದೇನೆ. ಗೊತ್ತಿಲ್ಲದ್ದನ್ನು ಆ ಕಾರ್ಡಿನ ಹಿಂದೆ ಬರೆದು ಗೋಡೆಯ ಕ್ಲಿಪ್ಪಿಗೆ ಸಿಕ್ಕಿಸುತ್ತೇವೆ. ಉತ್ತರ ಸಿಗುವವರೆಗೂ ಅದು ಅಲ್ಲೇ ನೇತಾಡುತ್ತಿರುತ್ತದೆ.

ಒಮ್ಮೆ ಅಲ್ಲಿ ನೇತಾಡಿದ್ದು, "ಮಳೆ ಆದಮೇಲೆ ಟ್ಯಾಂಕಲ್ಲಿ ಇಷ್ಟು ನೀರು ಎಲ್ಲಿಂದ ಬರತ್ತೆ?" ಅನ್ನುವ ಪ್ರಶ್ನೆ. ಇಪ್ಪತ್ತು ಪರ್ಸೆಂಟ್ ಎಥನಾಲ್ ಇರುವ ಇ20 ಪೆಟ್ರೋಲು 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಉದ್ಘಾಟನೆ ಆಗಿದ್ದು. ಒಂದು ಭಾನುವಾರ ಗೆರೆ ಇರುವ ಗಾಜಿನ ಬಾಟಲಿಗೆ ಅದೇ ಇ20 ಪೆಟ್ರೋಲು ನೂರು ಎಂಎಲ್, ನೀರು ಹತ್ತು ಎಂಎಲ್ ಹಾಕಿ ಕುಲುಕಿ ಇಟ್ಟೆವು. ಸ್ವಲ್ಪ ಹೊತ್ತಿಗೆ ತಳದ ಪದರ ಹತ್ತರಲ್ಲಿ ನಿಲ್ಲದೆ ಮೂವತ್ತರ ಹತ್ತಿರಕ್ಕೆ ಏರಿತ್ತು. ಎಥನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ಹೋಗಿ ಕೂತಿತ್ತು. ಟ್ಯಾಂಕಿನ ತಳದಲ್ಲಿ ಪಂಪು ಎಳೆಯುತ್ತಿದ್ದದ್ದು ಅದನ್ನೇ. ಟ್ಯಾಂಕ್ ಕ್ಯಾಪಿನ ರಬ್ಬರ್ ಹೋಗಿ ಮಳೆ ನೀರು ಒಳಗೆ ಇಳಿದರೆ ಸಾಕು, ಬಟ್ಟಲು ನೀರು ಬಕೆಟ್ಟಿನ ಕೆಲಸ ಮಾಡುತ್ತದೆ. ಈಗ ಮಳೆಗಾಲಕ್ಕೆ ಮುಂಚೆ ಬರುವ ಪ್ರತಿ ಗಾಡಿಗೂ ಕ್ಯಾಪ್ ರಬ್ಬರ್ ನೋಡುತ್ತೇವೆ. ಅದರಲ್ಲೂ ನಾಲ್ಕು ಕಾಸು ಆಗುತ್ತಿದೆ, ಸುಳ್ಳು ಯಾಕೆ ಹೇಳಲಿ.

ಗಿರಾಕಿಗಳಿಗೂ ಬೆಳಗ್ಗೆ ವಾಟ್ಸಾಪ್‌ನಲ್ಲಿ ಧನ್ಯವಾದ ಕಳಿಸಿ ನೋಡಿದೆ. ಇಬ್ಬರು ಫೋನ್ ಮಾಡಿ, "ಬಿಲ್ ಏನಾದ್ರೂ ಜಾಸ್ತಿ ಹಾಕಿದ್ರಾ?" ಅಂತ ಕೇಳಿದರು. ನಿಲ್ಲಿಸಿದೆ. ಸ್ಪ್ಯಾನರ್‌ಗಳ ವಿಷಯ ಮಾತ್ರ ಗೆದ್ದಿತು. ಆಯುಧಪೂಜೆ ದಿನ ಕುಂಕುಮ ಹಚ್ಚಿ, ಮಾರನೇ ದಿನದಿಂದ ನೆಲಕ್ಕೆ ಬಿಸಾಡುವವರು ನಾವು. ಈಗ ದಿನಾ ಬೆಳಗ್ಗೆ ಬನಿಯನ್ ವೇಸ್ಟಿನಲ್ಲಿ ಒರೆಸಿ ಎಣಿಸಿ ಜೋಡಿಸುತ್ತೇವೆ. ಹತ್ತರ ಸೈಜಿನ ಸ್ಪ್ಯಾನರ್ ಏಳು ತಿಂಗಳಿಂದ ಒಮ್ಮೆಯೂ ಕಳೆದಿಲ್ಲ. ನಂಬುವುದು ಬಿಡುವುದು ನಿಮಗೆ ಬಿಟ್ಟಿದ್ದು.

ವಾಪಸ್ ಬರುವ ಗಾಡಿ ಈಗ ತಿಂಗಳಿಗೆ ಮೂರೋ ನಾಲ್ಕೋ. ಗಾಡಿಯ ದೋಷವನ್ನು ಕೋಡ್‌ನಲ್ಲಿ ತೋರಿಸುವ, ಹತ್ತೊಂಬತ್ತು ಸಾವಿರ ಕೊಟ್ಟು ತಂದ ಸ್ಕ್ಯಾನರ್ ಆರು ತಿಂಗಳಲ್ಲಿ ದುಡ್ಡು ವಾಪಸ್ ಕೊಟ್ಟಿತು. ಅದನ್ನು ಹೆಚ್ಚು ಬಳಸುವವರು ಯಾರು ಗೊತ್ತಾ? ಉಸ್ತಾದ್. ಕೋಡ್ ನೋಡುತ್ತಾರೆ, ಆಮೇಲೆ ಎಂಜಿನ್‌ಗೆ ಕಿವಿ ಕೊಟ್ಟು "ಸುಳ್ಳು ಹೇಳ್ತಿದೆ ಬೇಟಾ, ವೈರ್ ನೋಡು" ಅನ್ನುತ್ತಾರೆ. ಹತ್ತಕ್ಕೆ ಆರು ಸಲ ಅವರದೇ ಸರಿ. ಐವತ್ತೆಂಟು ವರ್ಷದ ಆ ಮನುಷ್ಯನ ಬಾಯಿಂದ ಮೊದಲ "ಗೊತ್ತಿಲ್ಲ" ಹೇಗೆ ಹೊರಡಿಸಿದೆ ಅಂತ ತುಂಬಾ ಜನ ಕೇಳಿದ್ದಾರೆ. ಅದೊಂದನ್ನು ಇಲ್ಲಿ ಬರೆಯುವುದಿಲ್ಲ. ಉಸ್ತಾದ್ ಹುಡುಗರ ಕೈಲಿ ಇದನ್ನು ಓದಿಸಿಕೊಳ್ಳುತ್ತಾರೆ.

ಇವತ್ತು ಕ್ಲಿಪ್ಪಿನಲ್ಲಿ ಎರಡು ಕಾರ್ಡ್ ನೇತಾಡುತ್ತಿವೆ. ಒಂದು ಉಸ್ತಾದ್‌ದು, ಉರ್ದುವಿನಲ್ಲಿದೆ, ಅರ್ಥ ಅವರೇ ಹೇಳಬೇಕು. ಇನ್ನೊಂದು ನನ್ನದು: ಎಲೆಕ್ಟ್ರಿಕ್ ಸ್ಕೂಟರಿನ ಚಾರ್ಜು ಇಪ್ಪತ್ತು ಪರ್ಸೆಂಟ್ ತೋರಿಸುತ್ತಿದ್ದದ್ದು ಎರಡು ಸಿಗ್ನಲ್ ದಾಟುವಷ್ಟರಲ್ಲಿ ನಾಲ್ಕಕ್ಕೆ ಬೀಳುತ್ತದಲ್ಲ, ಅದು ಬ್ಯಾಟರಿ ತಪ್ಪೋ, ಮೀಟರ್ ತಪ್ಪೋ ಅಂತ ಬ್ಯಾಟರಿ ಪ್ಯಾಕ್ ಬಿಚ್ಚದೆ ಪತ್ತೆ ಹಚ್ಚುವುದು ಹೇಗೆ? ಗೊತ್ತಿದ್ದವರು ಎಂಟೂವರೆಗೆ ಬಗ್ಗಿ ಒಳಗೆ ಬನ್ನಿ. ಬೈಟು ಕಾಫಿ ನಂದು.